ಜಗ್ಗಲಗಿ, ತಂಬೂರಿ, ಪೇಟಿ: ಸ್ಯಾಂಪಲ್ ಬಿಟ್ಟು ಸಿಂತ್‌ನ್ಯಾಗ ಕಟ್ಟೋದು ಹೆಂಗ?

ದುರ್ಗದಬೈಲ್_ಬೀಟ್ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ಹೋಳಿ ಹಾಡಿಂದೊಂದು ಟ್ರ್ಯಾಕ್ ಕಟ್ಟಾಕತ್ತೀನಿ. ಮೂರು ಸ್ಯಾಂಪಲ್ (ರೆಕಾರ್ಡ್ ಮಾಡಿದ ದನಿ ಚೂರು) ಅದಾವು, ಮೂರೂ ಒಂದೊಂದು ಥರಾ ಕೈ ಕೊಡಾಕತ್ತಾವು. ಅದಕ್ಕ ಅವನ್ನ ಸಿಂತ್‌ನ್ಯಾಗ, ಅಂದ್ರ ದನೀನ ಲೆಕ್ಕದಿಂದ ಹುಟ್ಟಿಸೋ ಸಾಫ್ಟ್‌ವೇರಿನ್ಯಾಗ, ಕಟ್ಟಬೇಕಂತೀನಿ.

ಒಂದನೇದು ಜಗ್ಗಲಗಿ, ಚಕ್ಕಡಿ ಗಾಲಿಗೆ ಚರ್ಮ ಬಿಗಿದ ದೊಡ್ಡ ವಾದ್ಯ. ಒಂದ ಪೆಟ್ಟು, 48 ಕಿಲೋಹರ್ಟ್ಜ್, 1.8 ಸೆಕೆಂಡ್, ಫೋನಿನ್ಯಾಗ ರೆಕಾರ್ಡ್ ಆಗಿದ್ದು, ಬಾಲದಾಗ ಮಂದಿ ಗದ್ಲ ಐತಿ. 5 ಸೆಮಿಟೋನ್ (ಒಂದು ಸೆಮಿಟೋನ್ ಅಂದ್ರ ಕೀಬೋರ್ಡಿನ ಒಂದು ಮನಿ ಅಂತರ) ಇಳಿಸಿದ್ರ ಪೆಟ್ಟು ಜೋತು ಬೀಳ್ತೈತಿ. ಸಾಲಾಗಿ ಎಂಟು ಪೆಟ್ಟು ಹಾಕಿದ್ರ ಎಂಟೂ ಒಂದ ಅಚ್ಚಿನ್ಯಾಗ ತೆಗೆದಂಗ ಕೇಳ್ತಾವು.

ಎರಡನೇದು ತಂಬೂರಿ ಲೂಪ್. ಅದು ಕರಿ ಒಂದರಾಗ ಐತಿ, ಅಂದ್ರ ಸಿ ಶಾರ್ಪ್. ಹಾಡೋವ್ರು ಕರಿ ಐದು, ಎ ಶಾರ್ಪ್. 3 ಸೆಮಿಟೋನ್ ಇಳಿಸಿದ ಕೂಡ್ಲೇ ಜೀವಾರಿ (ತಂತಿಯ ಝೇಂಕಾರ) ಸತ್ತು ಹೋಗ್ತೈತಿ, ಲೂಪ್ ಕೂಡೋ ಜಾಗಾದಾಗ ಟಿಕ್ ಅಂತೈತಿ.

ಮೂರನೇದು ಪೇಟಿ, ಅಂದ್ರ ಹಾರ್ಮೋನಿಯಂ. ನಡು ಸಪ್ತಕದ ಒಂದ ಸ್ವರ ಸಿಕ್ಕೈತಿ. ಅದನ್ನ ಎರಡು ಸಪ್ತಕಕ್ಕ ಹರಡಿದ್ರ ಮ್ಯಾಲ ಹೋದಂಗೆಲ್ಲಾ ಅಲೆ ಅಲೆಯಾಗಿ ನಡುಗತೈತಿ, ಕೆಳಗ ಬಂದಂಗ ಆ ನಡುಗು ನಿಧಾನ ಆಗ್ತೈತಿ.

ಹತ್ರ ಇರೋದು: ಟ್ರ್ಯಾಕ್ ಕೂಡಿಸಾಕ ರೀಪರ್, ಸಿಂತ್ ಎರಡು, ಸರ್ಜ್ ಎಕ್ಸ್‌ಟಿ ಮತ್ತ ವೈಟಲ್‌ನ ಉಚಿತ ಆವೃತ್ತಿ, ದನಿ ಕತ್ತರಿಸಿ ಅಳಿಯಾಕ ಆಡಾಸಿಟಿ. ಲ್ಯಾಪ್‌ಟಾಪ್ ಐ3, 8 ಜಿಬಿ ರ್‍ಯಾಮ್. ಯಾವ್ದನ್ನ ಯಾವ್ದರಾಗ ಕಟ್ಟಬೇಕು, ಎಲ್ಲಿಂದ ಶುರು ಮಾಡಬೇಕು? ಅಂಕಿ ಸಮೇತ ಹೇಳಿದ್ರ ಭಾಳ ಉಪಕಾರ ಆಕ್ಕೈತಿ.

ಸಾಧನಕೇರಿ_ಸೌಂಡ್ (ಧಾರವಾಡ)

ಸಿಂತ್ ತೆಗಿಯೋಕಿಂತ ಮೊದಲ ಪ್ರತಿ ಸ್ಯಾಂಪಲ್ಲಿನೊಳಗ ಮೂರು ಪಾಲು ಬ್ಯಾರೆ ಮಾಡ್ಕೋರಿ. ಸ್ವರದ ಸಂಗತೀ ಏರಿಳಿಯೋದು ಯಾವುದು, ಸ್ವರ ಎಲ್ಲೇ ಇದ್ರೂ ಇದ್ದಲ್ಲೇ ಇರೋದು ಯಾವುದು, ಪೆಟ್ಟಿಗೊಮ್ಮೆ ಬದಲಾಗೋದು ಯಾವುದು. ಸ್ಯಾಂಪ್ಲರ್ ಈ ಮೂರನ್ನೂ ಒಂದ ಗಂಟು ಕಟ್ಟಿ ಎಳೀತದ. 5 ಸೆಮಿಟೋನ್ ಇಳಿಸಿದ್ರ ಓಟದ ವೇಗ 0.75ಕ್ಕ ಬರ್ತದ. 20 ಮಿಲಿಸೆಕೆಂಡಿನ ಕೋಲಿನ ಟಕ್ ಅನ್ನೋದು 27 ಮಿಲಿಸೆಕೆಂಡ್ ಆಗ್ತದ. ನಿಮಗ ಜೋತು ಬಿದ್ದಂಗ ಕೇಳೋದು ಅದ. ನಿಮ್ಮ ಮೂರೂ ತ್ರಾಸಿನ ಮೂಲ ಇಲ್ಲೇ ಅದ. ನಾ ಜಗ್ಗಲಗಿ ಹೇಳ್ತೀನಿ, ತಂಬೂರಿ ಮತ್ತ ಪೇಟಿ ಬಗ್ಗೆ ಇಲ್ಲಿ ನನಗಿಂತ ಚಲೋ ಬಲ್ಲವರದಾರ.

ಆಡಾಸಿಟಿಯೊಳಗ ಪೆಟ್ಟಿನ ಮೊದಲ 50 ಮಿಲಿಸೆಕೆಂಡ್ ಬಿಟ್ಟು ಮುಂದಿನ ಅರ್ಧ ಸೆಕೆಂಡ್ ಸೆಲೆಕ್ಟ್ ಮಾಡಿ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಕಂಪನಾಂಕ ಎಷ್ಟು ಜೋರದ ಅಂತ ತೋರಿಸೋ ನಕ್ಷೆ) ತೆಗೀರಿ. ಸೈಜ್ 16384 ಇಡ್ರಿ. 48 ಕಿಲೋಹರ್ಟ್ಜ್‌ಗೆ ಅದು ಸುಮಾರು 2.9 ಹರ್ಟ್ಜ್ ಅಂತರದ ಲೆಕ್ಕ ಕೊಡ್ತದ. ಸೆಲೆಕ್ಷನ್ 0.34 ಸೆಕೆಂಡಿಗಿಂತ ಸಣ್ಣದಿದ್ರ ಸಾಕಷ್ಟು ಡೇಟಾ ಇಲ್ಲ ಅಂತ ತಕರಾರು ಮಾಡ್ತದ. ಆಗ 8192ಕ್ಕ ಇಳಿಸ್ರಿ, ಅಂತರ 5.9 ಹರ್ಟ್ಜ್ ಆಗ್ತದ, ನಡೀತದ. ಮಂದಿ ಗದ್ಲ ಹೆಚ್ಚು ಇರೋದು 300ರಿಂದ 3000 ಹರ್ಟ್ಜ್ ನಡುವ. ಚರ್ಮದ ಮೊದಲ ನಾಕೈದು ಶಿಖರ ಅದರ ಕೆಳಗ ಬರೋದರಿಂದ ನಿಮ್ಮ ರೆಕಾರ್ಡಿಂಗ್ ಕೆಲಸಕ್ಕ ಸಾಕು.

ದುಂಡನ್ನ ಚರ್ಮ ತಂತಿಯಂಗ 1, 2, 3, 4 ಅಂತ ನುಡಿಯೋದಿಲ್ಲ. ಆದರ್ಶ ಪೊರೆಯ ಅನುಪಾತ 1, 1.59, 2.14, 2.30, 2.65, 2.92. ಮೊದಲ ಶಿಖರ 70 ಹರ್ಟ್ಜ್ ಅಂತ ಹಿಡೀರಿ, ಉಳಿದವು 112, 149, 161, 186, 204ರ ಹತ್ತರ ಬರಬೇಕು. ಚಕ್ಕಡಿ ಗಾಲಿಗೆ ಎಮ್ಮಿ ಚರ್ಮ ಬಿಗಿದಿದ್ದು ಆದರ್ಶ ಪೊರೆ ಅಲ್ಲ. ಬಿಗಿ ಎಲ್ಲಾ ಕಡೆ ಒಂದ ಸಮ ಇರೋದಿಲ್ಲ, ಗಾಳಿಯ ಭಾರ ಕೆಳಗಿನ ಶಿಖರಗಳನ್ನ ಇನ್ನಷ್ಟು ಕೆಳಗ ಜಗ್ಗತದ. ಅದಕ್ಕ ಕೋಷ್ಟಕ ನೋಡಿ ಶಿಖರ ಹುಡುಕ್ರಿ, ಆದ್ರ ಸಿಂತ್‌ಗೆ ಹಾಕೋದು ನಿಮ್ಮ ಸ್ಪೆಕ್ಟ್ರಮ್ ತೋರಿಸಿದ ಅಂಕೀನ ಆಗಿರಲಿ.

ಸರ್ಜ್ ಎಕ್ಸ್‌ಟಿಯ ಒಂದು ಸೀನ್‌ನೊಳಗ (ಒಂದು ಪೂರ್ತಿ ದನಿ ಪದರ) ಮೂರು ಆಸಿಲೇಟರ್ (ಮೂಲ ಅಲೆ ಹುಟ್ಟಿಸೋ ಭಾಗ) ಇರ್ತಾವ. ಸೀನ್ ಮೋಡ್ ಡ್ಯುಯಲ್ ಮಾಡಿದ್ರ ಆರು. ಆರೂ ಸೈನ್ (ಒಂದ ಕಂಪನಾಂಕದ ಸಾದಾ ಅಲೆ) ಮಾಡ್ರಿ. ಮೊದಲನೇದರ ಪಿಚ್ 0, ಉಳಿದವಕ್ಕ ಆದರ್ಶ ಲೆಕ್ಕದಾಗ 8.06, 13.13, 14.38, 16.89, 18.53 ಸೆಮಿಟೋನ್. ಪಿಚ್ ಸ್ಲೈಡರ್ 7 ಸೆಮಿಟೋನ್‌ಗೆ ನಿಂತು ಬಿಡ್ತದ; ಅದರ ಮ್ಯಾಲ ಬಲ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ರೇಂಜ್ ಒತ್ತಿದ್ರ ಮುಂದ ಹೋಗ್ತದ. ನಿಮ್ಮ ಶಿಖರಗಳ ಅನುಪಾತ ಬ್ಯಾರೆ ಇದ್ರ ಸೂತ್ರ ಇಷ್ಟ: ಅನುಪಾತದ ಬೇಸ್ 2 ಲಾಗ್ ತೆಗೆದು 12ರಿಂದ ಗುಣಿಸ್ರಿ.

ಈಗ ಎಲ್ಲಾರೂ ಎಡವೋ ಜಾಗ. ಅಭ್ಯಾಸಬಲದಿಂದ ಎಲ್ಲಕ್ಕಿಂತ ಕೆಳಗಿನ ಸೈನ್‌ಗೆ ಎಲ್ಲಕ್ಕಿಂತ ಉದ್ದ ಡಿಕೇ (ದನಿ ಆರೋ ಹೊತ್ತು) ಕೊಡ್ತಾರ. ಕೊಟ್ಟ ಕೂಡ್ಲೇ ಅದು ಡಿಜೆ ಕಿಕ್ ಆಗ್ತದ. ಚರ್ಮದ ಮೊದಲ ಕಂಪನದೊಳಗ ಇಡೀ ಪೊರೆ ಒಂದ ದಿಕ್ಕಿಗೆ ಹೋಗಿ ಬರ್ತದ, ಗಾಳೀನ ಜೋರಾಗಿ ನೂಕ್ತದ, ಶಕ್ತಿ ಬೇಗ ಖಾಲಿ ಆಗ್ತದ. ಎರಡನೇದರೊಳಗ ಅರ್ಧ ಚರ್ಮ ಮ್ಯಾಲ ಹೋದಾಗ ಇನ್ನರ್ಧ ಕೆಳಗಿರ್ತದ, ಗಾಳಿ ಅಲ್ಲಲ್ಲೇ ಸರಿದಾಡ್ತದ, ಅದಕ್ಕ ಅದು ಹೆಚ್ಚು ಹೊತ್ತು ಉಳೀತದ. ಮೊದಲ ಸೈನ್‌ಗೆ 200 ಮಿಲಿಸೆಕೆಂಡ್, 1.59ರದಕ್ಕ 500, 2.14ರದಕ್ಕ 400, ಉಳಿದವಕ್ಕ 250ರಿಂದ 150ರ ತನಕ ಇಳಿಸ್ಕೋತ ಶುರು ಮಾಡ್ರಿ. ಆಮ್ಯಾಲ ಸ್ಪೆಕ್ಟ್ರೋಗ್ರಾಮ್ ನೋಡಿ ಯಾವ ಗೆರಿ ಎಷ್ಟು ಉದ್ದ ಅದ ಅಂತ ತಿದ್ದಿಕೊಳ್ರಿ. ಸರ್ಜ್‌ನೊಳಗ ಪ್ರತಿ ಆಸಿಲೇಟರ್‌ಗೆ ಬ್ಯಾರೆ ಡಿಕೇ ಬೇಕಂದ್ರ ಎಲ್‌ಎಫ್‌ಒಗಳ (ಬ್ಯಾರೆ ಗುಂಡಿಗಳನ್ನ ತಾವಾಗೇ ತಿರುವೋ ನಿಧಾನ ಅಲೆ) ಆಕಾರ ಎನ್ವಲಪ್ (ಒಮ್ಮೆ ಏರಿ ಇಳಿಯೋ ಗೆರಿ) ಮಾಡಿ, ಮಿಕ್ಸರಿನ ಆಯಾ ಲೆವೆಲ್‌ಗೆ ಜೋಡಿಸ್ರಿ.

ಪಿಚ್ ಇಳಿತ: ಜೋರು ಪೆಟ್ಟಿಗೆ ಚರ್ಮದ ಬಿಗಿ ಕ್ಷಣಕಾಲ ಏರ್ತದ, ಸ್ವರ ಮ್ಯಾಲಿಂದ ಇಳಿದು ಬರ್ತದ. ಇಡೀ ಸೀನಿನ ಪಿಚ್‌ಗೆ 1ರಿಂದ 2 ಸೆಮಿಟೋನ್, 80 ಮಿಲಿಸೆಕೆಂಡ್ ಸಾಕು, ಮತ್ತ ಅದು ವೆಲಾಸಿಟಿಗೆ (ಪೆಟ್ಟಿನ ಜೋರಿಗೆ) ತಕ್ಕಂಗ ಹೆಚ್ಚು ಕಡಿಮಿ ಆಗಬೇಕು. ಕಿಕ್ ಮಾಡೋವ್ರಂಗ 12, 24 ಸೆಮಿಟೋನ್ ಇಟ್ಟಿರೋ, ಚರ್ಮ ಅನ್ನೋದು ಅಲ್ಲಿಗೆ ಮುಗೀತು.

ನಾಯ್ಸ್ ಎರಡು ಪದರ. ಕೋಲು ತಾಗೋ ಟಕ್: 5 ಮಿಲಿಸೆಕೆಂಡ್, 2ರಿಂದ 4 ಕಿಲೋಹರ್ಟ್ಜ್. ಚರ್ಮದ ಚಟ್: 50 ಮಿಲಿಸೆಕೆಂಡ್, 400ರಿಂದ 1200 ಹರ್ಟ್ಜ್. ಫಿಲ್ಟರ್ ಜೋಡಣಿ ಸಮಾಂತರ ಮಾಡಿ, ಮಿಕ್ಸರಿನೊಳಗ ನಾಯ್ಸ್ ಅಷ್ಟನ್ನ ಫಿಲ್ಟರ್ 2ಕ್ಕ ಕಳಿಸಿ ಬ್ಯಾಂಡ್‌ಪಾಸ್ (ನಡುವಿನ ಪಟ್ಟಿ ಅಷ್ಟನ್ನ ಬಿಡೋ ಫಿಲ್ಟರ್) ಇಡ್ರಿ. ಸೀನ್ ಎ ಒಳಗ ಟಕ್, ಸೀನ್ ಬಿ ಒಳಗ ಚಟ್. ಆಸಿಲೇಟರ್‌ಗಳು ಫಿಲ್ಟರ್ 1ಕ್ಕಷ್ಟ ಹೋಗಲಿ, ಇಲ್ಲಂದ್ರ ಬ್ಯಾಂಡ್‌ಪಾಸ್ ಸೈನ್‌ಗಳನ್ನ ನುಂಗಿ ಬಿಡ್ತದ.

ಎಂಟೂ ಪೆಟ್ಟು ಒಂದ ಅಚ್ಚು ಅಂದ್ರಲ್ಲ, ಅದಕ್ಕ ಮದ್ದು ಎರಡು ಅದಾವ. ಸರ್ಜ್‌ನ ರ್‍ಯಾಂಡಮ್ ಮಾಡ್ಯುಲೇಟರ್ ತಗೊಂಡು ಪಿಚ್‌ಗೆ ಆಚೀಚೆ 15 ಸೆಂಟ್ (100 ಸೆಂಟ್ ಅಂದ್ರ 1 ಸೆಮಿಟೋನ್), ನಾಯ್ಸ್ ಲೆವೆಲ್‌ಗೆ 2 ಡೆಸಿಬೆಲ್, ಫಿಲ್ಟರ್ 2ರ ಕಟಾಫ್‌ಗೆ (ಫಿಲ್ಟರ್ ಕೆಲಸ ಮಾಡೋ ಕಂಪನಾಂಕ) 3 ಸೆಮಿಟೋನ್ ಕೊಡ್ರಿ. ಮೊದಲ ಸೈನ್‌ಗೆ ರೀಟ್ರಿಗರ್ ಹಚ್ಚಿರಿ, ತಳದ ಏಟು ಪ್ರತಿ ಸಲ ಒಂದ ಜಾಗಾದಾಗ ಬೀಳಲಿ, ಉಳಿದವಕ್ಕ ಬ್ಯಾಡ. ಎರಡನೇದು ಇನ್ನೂ ಮುಖ್ಯ: ಪೆಟ್ಟು ಬೀಳೋ ಜಾಗ. ನಟ್ಟನಡುವ ಹೊಡೆದ್ರ ಸುತ್ತ ಸಮ ಇರೋ ಕಂಪನಗಳಷ್ಟ ಏಳ್ತಾವ, ಅಂದ್ರ 1 ಮತ್ತ 2.30. ಅಂಚಿಗೆ ಹೊಡೆದ್ರ 1.59, 2.14, 2.65, 2.92 ಎದ್ದು ಬರ್ತಾವ. ಈ ನಾಕರ ಲೆವೆಲ್ ಏರೋಹಂಗ, ಆ ಎರಡರ ಲೆವೆಲ್ ಇಳಿಯೋಹಂಗ ಮಾಡ್ ವ್ಹೀಲ್‌ಗೆ (ಕೀಬೋರ್ಡಿನ ಬಾಜೂಕಿನ ತಿರುವೋ ಗಾಲಿ) ಕಟ್ಟಿದ್ರ ಒಂದ ವ್ಹೀಲ್‌ನೊಳಗ ನಡುವಿಂದ ಅಂಚಿನ ತನಕ ಹೋಗಿ ಬರಬಹುದು. ಒಂದ ಪೆಟ್ಟಿನ ಸ್ಯಾಂಪಲ್ ಇದನ್ನ ಕೊಡೋದಿಲ್ಲ, ಸಿಂತ್ ಕಟ್ಟೋ ತ್ರಾಸು ತಗೋಳೋದು ಇದಕ್ಕಾಗೇ.

ಹುಬ್ಬಳ್ಳಿ ಹತ್ತರದ ಬ್ಯಾಹಟ್ಟಿ ಕಡೆಯ ಮೇಳದಂಗ ಹದಿನೈದು ಮಂದಿ ಬಾರಿಸಿದ್ದು ಕೇಳಬೇಕಂದ್ರ ಕೋರಸ್ ಪ್ಲಗಿನ್ ಹಚ್ಚಬ್ಯಾಡ್ರಿ. ಅದು ಒಂದ ಲಯದಾಗ ಅಲುಗಾಡಿಸ್ತದ, ಮಂದಿ ಹಂಗ ಅಲುಗೋದಿಲ್ಲ. ಆರರಿಂದ ಎಂಟು ಟ್ರ್ಯಾಕ್ ಮಾಡ್ರಿ, ಒಂದೊಂದಕ್ಕ ಆಚೀಚೆ 50 ಸೆಂಟ್ ತನಕ ಬ್ಯಾರೆ ಶ್ರುತಿ, 0ರಿಂದ 25 ಮಿಲಿಸೆಕೆಂಡ್ ತಡ, ಬ್ಯಾರೆ ಪ್ಯಾನ್, ಬ್ಯಾರೆ ಡಿಕೇ. ಮುಂದ ನಿಂತು ಮೇಳ ನಡಸೋ ಕಣಿಹಲಗಿ ಬ್ಯಾರೆ ಪ್ಯಾಚ್ (ಸಿಂತಿನ ಒಂದು ಜೋಡಣಿ). ಅದು ಮಣ್ಣಿನ ಮೈಗೆ ಕರುವಿನ ಚರ್ಮ ಹೊದಿಸಿದ ಸಣ್ಣ ವಾದ್ಯ. ಮೂಲ ಸ್ವರ ಭಾಳ ಮ್ಯಾಲ, ಡಿಕೇ 100 ಮಿಲಿಸೆಕೆಂಡ್ ಒಳಗ, ಪಿಚ್ ಇಳಿತ ಅರ್ಧ ಸೆಮಿಟೋನ್, ಟಕ್ ಪದರ ಮುಂದ ಇರಲಿ.

ಗದಗ_ತಂತಿ (ಗದಗ)

ತಂಬೂರಿ ನಾ ಹೇಳ್ತೀನ್ರಿ. ಮೇಲಿನವರು ಹೇಳಿದ ಮೂರು ಪಾಲಿನ ಲೆಕ್ಕ ಇಲ್ಲೂ ಹತ್ತತೈತಿ: ತಂತಿ ಸ್ವರದ ಸಂಗಾಟ ಹೋಗ್ತೈತಿ, ಬುರುಡಿ ಇದ್ದಲ್ಲೇ ಇರತೈತಿ, ಮೀಟು ಪ್ರತಿ ಸಲ ಬದಲಾಗ್ತೈತಿ. ಲೂಪ್ ಇಳಿಸಿದಾಗ ಬುರುಡಿಯ ಅನುರಣನಾನೂ 3 ಸೆಮಿಟೋನ್ ಕೆಳಗ ಹೋತು, ಜೀವಾರಿಯ ಝೇಂಕಾರ 0.84 ವೇಗದಾಗ ಓಡಿತು. ಅದಕ್ಕ ಸತ್ತಂಗ ಕೇಳೋದು.

ಜೀವಾರಿ ಅಂದ್ರೇನು ಅನ್ನೋದು ತಿಳಿದ್ರ ಪ್ಯಾಚ್ ಅರ್ಧ ಮುಗೀತು. ಅಗಲಾದ, ತುಸು ಇಳಿಜಾರಿನ ಕುದುರಿ ಮ್ಯಾಲ ತಂತಿ ಹಾದು ಹೋಗ್ತೈತಿ, ಕೆಳಗ ನೂಲಿನ ಎಳಿ. ತಂತಿ ಕಂಪಿಸಿದಾಗೆಲ್ಲಾ ಕುದುರಿಯ ಮೈಗೆ ತಾಕಿ ತಾಕಿ ಬಿಡ್ತೈತಿ. ಸಾದಾ ತಂತಿಯೊಳಗ ಮೀಟಿದ ಜಾಗಾದಾಗ ಯಾವ ಕಂಪನಕ್ಕ ಗಂಟು ಬೀಳ್ತೈತೋ ಆ ಸ್ವರಾಂಶ (ಮೂಲ ಸ್ವರದ 2, 3, 4 ಪಟ್ಟಿನ ಕಂಪನ) ಹುಟ್ಟೂದಿಲ್ಲ. ತಂಬೂರಿ ವೀಣಾದಾಗ ಆ ನಿಯಮ ಮುರೀತೈತಿ ಅಂತ ಸಿ. ವಿ. ರಾಮನ್ ಅವರು 1921ರಾಗ ಬರೆದಾರ. ಕುದುರಿ ತಾಕೂದರಿಂದ ಶಕ್ತಿ ಒಂದು ಸ್ವರಾಂಶದಿಂದ ಇನ್ನೊಂದಕ್ಕ ಹಾರತೈತಿ. ಅದಕ್ಕ ಬರೀ ತಂತಿ ಮಾಡೆಲ್ ಇಟ್ರ ಗಿಟಾರ್ ಆಕ್ಕೈತಿ, ತಂಬೂರಿ ಆಗೂದಿಲ್ಲ.

ಸರ್ಜ್ ಎಕ್ಸ್‌ಟಿಯೊಳಗ ಸ್ಟ್ರಿಂಗ್ ಅನ್ನೋ ಆಸಿಲೇಟರ್ ಐತಿ. 1983ರಾಗ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಪ್ರಕಟ ಮಾಡಿದ ತಂತಿಯ ಲೆಕ್ಕದ ಮನೆತನದ್ದು ಅದು: ಒಂದು ಗದ್ಲದ ತುಣುಕನ್ನ ಡಿಲೇಯೊಳಗ ಸುತ್ತಾಕಿ ಸುತ್ತಾಕಿ ಮೆತ್ತಗ ಮಾಡೋದು. ಎಕ್ಸೈಟರ್ (ತಂತೀನ ಮೀಟೋ ಗದ್ಲ) ಬರ್ಸ್ಟ್ ಪಿಂಕ್ ನಾಯ್ಸ್ ಇಡ್ರಿ, ಬೆರಳಿನ ಮೆತ್ತನ ಮೀಟಿಗೆ ಅದು ಹೊಂದತೈತಿ. ಸ್ಟ್ರಿಂಗ್ 1 ಮತ್ತ 2ರ ಡಿಕೇ ಎರಡೂ ತುದಿಗೆ ಹತ್ರ, ಬ್ಯಾಲೆನ್ಸ್ ನಡುವ, ಸ್ಟ್ರಿಂಗ್ 2ರ ಡೀಟ್ಯೂನ್ 1 ಸೆಂಟ್. ಎ ಶಾರ್ಪ್ 233 ಹರ್ಟ್ಜ್‌ಗೆ 1 ಸೆಂಟ್ ಅಂದ್ರ ಸುಮಾರು ಏಳೂವರೆ ಸೆಕೆಂಡಿಗೊಂದು ಅಲೆ. 3 ಸೆಂಟ್ ಮಾಡಿದ್ರ ಎರಡೂವರೆ ಸೆಕೆಂಡಿಗೊಂದು ಅಲೆ ಬಂದು, ಹಾಡೋವ್ರಿಗೆ ಷಡ್ಜ ಅಲುಗಾಡಿದಂಗ ಆಕ್ಕೈತಿ.

ಆಮ್ಯಾಲೆ ಜೀವಾರಿ. ತಂತಿ ಆದಮ್ಯಾಲೆ ಮೊದಲ ತುಸು ಸ್ಯಾಚುರೇಷನ್ (ದನೀನ ಹಗೂರಕ ಒಡದು ಹೊಸ ಸ್ವರಾಂಶ ಹುಟ್ಟಿಸೋದು), ಅದರ ಮುಂದ ರೆಸೊನನ್ಸ್ (ಕಟಾಫ್ ಹತ್ರದ ಉಬ್ಬು) ಜೋರಿರೋ ಬ್ಯಾಂಡ್‌ಪಾಸ್ ಫಿಲ್ಟರ್. ಕೀಟ್ರ್ಯಾಕ್ (ಸ್ವರದ ಸಂಗಾಟ ಫಿಲ್ಟರೂ ಏರಿಳಿಯೋದು) 100 ಪ್ರತಿಶತ. ಕಟಾಫ್‌ಗೆ ಒಂದು ಎನ್ವಲಪ್ ಹಚ್ಚಿ, ಮೀಟಿದ ಕೂಡ್ಲೇ 20ನೇ ಸ್ವರಾಂಶದ ಸುತ್ತ ಶುರುವಾಗಿ 2ರಿಂದ 3 ಸೆಕೆಂಡಿನ್ಯಾಗ 6ನೇದರ ತನಕ ಇಳಿಯೋ ಹಂಗ ಇಡ್ರಿ. 233 ಹರ್ಟ್ಜ್ ಷಡ್ಜಕ್ಕ ಅದು 4660ರಿಂದ 1400 ಹರ್ಟ್ಜ್. ರೆಸೊನನ್ಸ್ ಎಷ್ಟಿರಬೇಕು ಅಂದ್ರ, ಫಿಲ್ಟರ್ ಇಳಿಯೋವಾಗ ಒಂದೊಂದ ಸ್ವರಾಂಶ ಬ್ಯಾರೆ ಬ್ಯಾರೆಯಾಗಿ ಕಿವಿಗೆ ಬೀಳಬೇಕು, ಆದ್ರ ಸಿಳ್ಳು ಹೊಡೀಬಾರದು. ಸಿಳ್ಳು ಬಂತಂದ್ರ ಸ್ಯಾಚುರೇಷನ್ ಹೆಚ್ಚು ಮಾಡಿ ರೆಸೊನನ್ಸ್ ಇಳಿಸ್ರಿ. ಫಿಲ್ಟರ್ ಆದದ್ದನ್ನ ಮೂಲ ತಂತಿ ಜೋಡಿ ಕೂಡಿಸಬೇಕು, ಒಂದಕ್ಕ ಇನ್ನೊಂದು ಬದಲಿ ಅಲ್ಲ. ಸರ್ಜ್‌ನ ಒಳಗ ಈ ಸಾಲು ಹೊಂದಿಸೋದು ತ್ರಾಸ ಅನ್ನಿಸಿದ್ರ ಸೀನ್ ಎ ಸಾದಾ ತಂತಿ, ಸೀನ್ ಬಿ ಜೀವಾರಿ ಮಾಡ್ರಿ, ಎರಡನ್ನೂ ಡ್ಯುಯಲ್‌ನ್ಯಾಗ ಒತ್ತಿರಿ.

ಬುರುಡಿಗೆ ಸಿಂತ್ ಬ್ಯಾಡ. ನಾಕೂ ತಂತಿಗೆ ಸೇರಿ ಒಂದ ಇಕ್ಯೂ (ಕಂಪನಾಂಕದ ಪಟ್ಟಿಗಳನ್ನ ಏರಿಳಿಸೋ ಸಾಧನ): ಸ್ವರ ಬದಲಾದ್ರೂ ಜಾಗಾ ಬಿಡದ ಎರಡು ಮೂರು ಉಬ್ಬು, 3ರಿಂದ 4 ಡೆಸಿಬೆಲ್. ಜಾಗಾ ಯಾವ್ದು ಅನ್ನೋದನ್ನ ನಿಮ್ಮ ಮೂಲ ಲೂಪಿನ ಸ್ಪೆಕ್ಟ್ರಮ್‌ನಿಂದ ತಗೋರಿ, ಇಳಿಸಿದ ಲೂಪಿನಿಂದ ಅಲ್ಲ.

ಮೀಟಿನ ಕ್ರಮ ಪಂಚಮ, ಷಡ್ಜ, ಷಡ್ಜ, ಖರ್ಜ (ಕೆಳಗಿನ ಸಪ್ತಕದ ಷಡ್ಜ). ರಾಗದಾಗ ಪಂಚಮ ಇಲ್ಲಂದ್ರ ಮೊದಲ ತಂತಿ ಮಧ್ಯಮ ಇಲ್ಲಾ ನಿಷಾದ. ಒಂದು ಸುತ್ತಿಗೆ 5 ಸೆಕೆಂಡ್ ಹಿಡೀರಿ, ಖರ್ಜ ಆದಮ್ಯಾಲೆ ತುಸು ಹೆಚ್ಚು ಬಿಡುವು. ಇದನ್ನ ಹಾಡಿನ ಟೆಂಪೋಕ್ಕ ಕ್ವಾಂಟೈಜ್ ಮಾಡಲೇಬ್ಯಾಡ್ರಿ. ತಂಬೂರಿ ತಾಳಕ್ಕ ಕಟ್ಟಿದ ವಾದ್ಯ ಅಲ್ಲ. ಗ್ರಿಡ್ಡಿಗೆ ಕಟ್ಟಿದ್ರ ಕಿವಿ ಅದನ್ನ ಶ್ರುತಿ ಅಂತ ಕೇಳೂದಿಲ್ಲ, ರಿದಮ್ ಅಂತ ಕೇಳ್ತೈತಿ. ಪ್ರತಿ ಮೀಟಿಗೆ 30ರಿಂದ 60 ಮಿಲಿಸೆಕೆಂಡ್ ಹಿಂದು ಮುಂದು ಇರಲಿ. ಪಾಲಿಫೋನಿ (ಒಮ್ಮೆಲೇ ನುಡಿಯೋ ವಾಯ್ಸ್‌ಗಳ ಸಂಖ್ಯೆ) ಕಡಿಮಿ ಇಟ್ರ ಹಳೇ ಮೀಟು ನಡುವ ಕತ್ತರಿಸಿ ಹೋಗ್ತೈತಿ, ನಿಮ್ಮ ಲೂಪಿನ ಟಿಕ್ ಇಲ್ಲೂ ಬರ್ತೈತಿ. ರಿಲೀಸ್ (ಮನಿ ಬಿಟ್ಟಮ್ಯಾಲೆ ದನಿ ಆರೋ ಹೊತ್ತು) 8 ಸೆಕೆಂಡ್, ವಾಯ್ಸ್ 16 ಇಡ್ರಿ.

ಪಂಚಮ 700 ಸೆಂಟ್ ಅಲ್ಲ, 702. ಇದು ಸಣ್ಣ ಫರಕು. ದೊಡ್ಡ ಫರಕು ಗಾಂಧಾರದ್ದು. ಖರ್ಜದ ತಂತಿಯ 5ನೇ ಸ್ವರಾಂಶವಾಗಿ ಶುದ್ಧ ಗಾಂಧಾರ ತಾನ ಕೇಳ್ತೈತಿ, ಅದು 386 ಸೆಂಟ್. ಕೀಬೋರ್ಡಿನ ಗಾಂಧಾರ 400. ಜೀವಾರಿ ಚಲೋ ಬಂದಷ್ಟೂ ಈ 14 ಸೆಂಟಿನ ಜಗಳ ಜೋರಾಗಿ ಕೇಳ್ತೈತಿ. ನಿಮ್ಮ ಪೇಟಿ ಟ್ಯೂನ್ ಸರಿ ಮಾಡದ ತಂಬೂರಿ ಹಚ್ಚಿದ್ರ ತಂಬೂರೀನ ಅಪಸ್ವರ ಅನ್ನಿಸೂದು, ತಪ್ಪು ಪೇಟೀದು.

ಹಾವೇರಿ_ಮಿಕ್ಸ್ (ಹಾವೇರಿ)

ಗದಗದವರು ಸರಿಯಾದ ಜಾಗಕ್ಕೇ ತಂದು ನಿಲ್ಲಿಸಿದ್ದಾರೆ, ಪೇಟಿಯನ್ನು ಟ್ಯೂನಿಂಗ್‌ನಿಂದಲೇ ಶುರು ಮಾಡೋಣ.

ವೈಟಲ್ ಮತ್ತು ಸರ್ಜ್ ಎರಡೂ ಸ್ಕಾಲಾ ಟ್ಯೂನಿಂಗ್ ಫೈಲ್ (ಸ್ವರಗಳ ಅನುಪಾತದ ಪಟ್ಟಿ) ಓದುತ್ತವೆ. ನೋಟ್‌ಪ್ಯಾಡಿನಲ್ಲಿ ನೀವೇ ಬರೆಯಬಹುದು: ಮೊದಲ ಸಾಲು ಒಂದು ಹೆಸರು, ಎರಡನೇ ಸಾಲು 12, ನಂತರ ಒಂದೊಂದು ಸಾಲಿಗೆ ಒಂದರಂತೆ 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಎಸ್‌ಸಿಎಲ್ ಎಂಬ ಬಾಲಂಗೋಚಿ ಕೊಟ್ಟು ಉಳಿಸಿ. ಧೈವತ 5/3 ಅಂದರೆ 884 ಸೆಂಟ್. ನಿಮ್ಮ ಹಾಡಿನ ರಾಗಕ್ಕೆ ಏರಿದ ಧೈವತ ಬೇಕಿದ್ದರೆ 27/16, ಅಂದರೆ 906.

ಈ ಫೈಲ್ ಒಂದನ್ನೇ ಹಾಕಿ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಹಾಕಿದರೆ ಷಡ್ಜ ಸಿ ಎಂದೇ ಸಿಂತ್ ತಿಳಿಯುತ್ತದೆ. ನಿಮ್ಮ ಷಡ್ಜ ಎ ಶಾರ್ಪ್. ಆಗ ಎ ಶಾರ್ಪ್‌ನಿಂದ ಮೇಲಿನ ಎಫ್‌ವರೆಗೆ 702 ಸೆಂಟ್ ಬರಬೇಕಾದಲ್ಲಿ 680 ಬರುತ್ತದೆ. ಪಂಚಮವೇ 22 ಸೆಂಟ್ ಕೆಳಗೆ! ಇದನ್ನು ಸರಿಪಡಿಸಲು ಕೆಬಿಎಂ ಎಂಬ ಕೀಬೋರ್ಡ್ ನಕ್ಷೆಯ ಫೈಲ್ ಜೊತೆಗೆ ಹಾಕಬೇಕು. ಅದರಲ್ಲಿ ನಡುವಿನ ಸ್ವರ ಮಿಡಿ 58 (ಕೀಬೋರ್ಡ್ ಸಂಖ್ಯೆಯಲ್ಲಿ ಆ ಎ ಶಾರ್ಪ್), ಆಧಾರ ಸ್ವರವೂ 58, ಕಂಪನಾಂಕ 233.08 ಎಂದು ಕೊಡಿ. ತಂಬೂರಿಯ ಸರ್ಜ್‌ಗೂ ಇದೇ ಎರಡು ಫೈಲ್ ಹಾಕಿದರೆ ಎರಡೂ ಒಂದೇ ಶ್ರುತಿಯಲ್ಲಿ ನಿಲ್ಲುತ್ತವೆ.

ಈಗ ನಡುಗಿನ ವಿಷಯ. ನಿಮ್ಮ ಸ್ಯಾಂಪಲ್ಲಿನಲ್ಲಿ ಎರಡು ಸಾಲು ರೀಡು ಒಟ್ಟಿಗೆ ನುಡಿದಿವೆ, ಬಹುಶಃ ಖರ್ಜ (ಕೆಳ ಸಪ್ತಕದ ಸಾಲು) ಮತ್ತು ನರ (ನಡು ಸಪ್ತಕದ ಸಾಲು). ಎರಡರ ನಡುವಿನ ಸಣ್ಣ ಶ್ರುತಿಭೇದದ ಅಲೆ ಸ್ಯಾಂಪಲ್ಲಿನೊಳಗೇ ಅಚ್ಚಾಗಿದೆ. ಒಂದು ಸಪ್ತಕ ಮೇಲೇರಿಸಿದರೆ ಅದು ಎರಡು ಪಟ್ಟು ವೇಗವಾಗುತ್ತದೆ, ಇಳಿಸಿದರೆ ಅರ್ಧ. ನಿಜವಾದ ಪೇಟಿಯಲ್ಲಿ ಪ್ರತಿ ರೀಡನ್ನೂ ಬೇರೆ ಬೇರೆಯಾಗಿ ಕೆರೆದು ಶ್ರುತಿ ಮಾಡಿರುತ್ತಾರೆ, ಆದ್ದರಿಂದ ಅಲೆಯ ವೇಗಕ್ಕೂ ಸ್ವರದ ಎತ್ತರಕ್ಕೂ ಇಂಥ ಕಟ್ಟುನಿಟ್ಟಾದ ಸಂಬಂಧ ಇರುವುದಿಲ್ಲ. ವೈಟಲ್‌ನಲ್ಲಿ ಮೊದಲ ಆಸಿಲೇಟರ್ ನರ, ಎರಡನೆಯದು ಅದೇ ಅಲೆ 3 ಸೆಂಟ್ ಮೇಲೆ, ಮೂರನೆಯದು 12 ಸೆಮಿಟೋನ್ ಕೆಳಗೆ ಖರ್ಜ. ನಡು ಸಿ, ಅಂದರೆ 261.6 ಹರ್ಟ್ಜ್‌ನಲ್ಲಿ 3 ಸೆಂಟ್ ಎಂದರೆ ಸುಮಾರು ಎರಡು ಸೆಕೆಂಡಿಗೊಂದು ಅಲೆ. ನೋಟ್ ಎಂಬ ಮಾಡ್ಯುಲೇಟರನ್ನು ಎರಡನೇ ಆಸಿಲೇಟರಿನ ಟ್ಯೂನ್‌ಗೆ ಋಣವಾಗಿ ಜೋಡಿಸಿ, ಮೇಲಿನ ಸಪ್ತಕದಲ್ಲಿ 2 ಸೆಂಟ್, ಕೆಳಗಿನದರಲ್ಲಿ 4 ಸೆಂಟ್ ಆಗಲಿ. ರ್‍ಯಾಂಡಮ್‌ನಿಂದ ಇನ್ನೊಂದು ಅರ್ಧ ಸೆಂಟ್ ಸೇರಿಸಿ.

ಅಲೆಯ ಆಕಾರಕ್ಕೆ ನಿಮ್ಮ ಸ್ಯಾಂಪಲ್ಲನ್ನೇ ವೈಟಲ್‌ನ ಆಸಿಲೇಟರಿಗೆ ಎಳೆದು ಹಾಕಬಹುದು, ಆದರೆ ಎರಡು ರೀಡಿನ ಸ್ಯಾಂಪಲ್ಲನ್ನು ಹಾಗೆ ಹಾಕಿದರೆ ಆ ನಡುಗು ವೇವ್‌ಟೇಬಲ್ಲಿನೊಳಗೂ (ಸಿಂತ್ ಓದುವ ಅಲೆಯ ಆಕಾರಗಳ ಪಟ್ಟಿ) ಅಚ್ಚಾಗುತ್ತದೆ. ಒಂದೇ ರೀಡು ತೆರೆದು ನುಡಿಸಿದ ಎರಡು ಸೆಕೆಂಡಿನ ಸ್ವರ ಸಿಕ್ಕರೆ ಸಾಕು. ವೈಟಲ್‌ನ ಒಂದು ಚೌಕಟ್ಟು 2048 ಮಾದರಿಗಳದ್ದು, ಮಾದರಿ ಎಂದರೆ ದನಿಯ ಒಂದೊಂದು ಡಿಜಿಟಲ್ ಅಳತೆ. 48 ಕಿಲೋಹರ್ಟ್ಜ್‌ನಲ್ಲಿ 261.6 ಹರ್ಟ್ಜ್‌ನ ಒಂದು ಸುತ್ತು 183.5 ಮಾದರಿ, ಪೂರ್ಣಾಂಕವೇ ಅಲ್ಲ; ನೇರವಾಗಿ ಕತ್ತರಿಸಿದರೆ ತುದಿ ಕೂಡದೆ ಗರ್ರ್ ಎನ್ನುತ್ತದೆ. ಆಡಾಸಿಟಿಯಲ್ಲಿ ಚೇಂಜ್ ಸ್ಪೀಡ್ ತೆಗೆದು 0.0896 ಪಟ್ಟು ಕೊಡಿ. ಸ್ವರ 23.44 ಹರ್ಟ್ಜ್‌ಗೆ ಇಳಿಯುತ್ತದೆ, ಒಂದು ಸುತ್ತು ಸರಿಯಾಗಿ 2048 ಮಾದರಿ ಆಗುತ್ತದೆ. ಸ್ವರ ಸ್ಥಿರವಾದ ಜಾಗದಲ್ಲಿ, ಗೆರೆ ಸೊನ್ನೆ ದಾಟುವಲ್ಲಿಂದ 2048 ಮಾದರಿ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡಿ. ನಿಮ್ಮ ಪೇಟಿ 261.6ರಲ್ಲೇ ಇರಬೇಕೆಂದಿಲ್ಲ, ಮೊದಲು ಅಳೆದು 23.4375ನ್ನು ಆ ಅಂಕಿಯಿಂದ ಭಾಗಿಸಿ.

ಎನ್ವಲಪ್‌ನಲ್ಲಿ ಒಂದೇ ಒಂದು ಮಾತು: ಪೇಟಿಯ ಮನೆಗೆ ವೆಲಾಸಿಟಿ ಎಂಬುದಿಲ್ಲ. ಬೆರಳು ಎಷ್ಟೇ ಜೋರಾಗಿ ಬಿದ್ದರೂ ದನಿ ಒಂದೇ, ದನಿಯನ್ನು ಏರಿಸುವುದು ತಿದಿ. ವೈಟಲ್‌ನ ವೆಲಾಸಿಟಿ ಟ್ರ್ಯಾಕ್ ಸೊನ್ನೆ ಮಾಡಿ. ತಿದಿಯ ಒತ್ತಡಕ್ಕೆ ಮಾಡ್ ವ್ಹೀಲ್ ಇಟ್ಟು ಅದರಿಂದ ಲೆವೆಲ್, ಫಿಲ್ಟರ್ ಕಟಾಫ್, ಒಂದೆರಡು ಸೆಂಟ್ ಪಿಚ್, ಮೂರನ್ನೂ ನಡೆಸಿ. ತಿದಿ ಒಂದೇ ಇರುವುದರಿಂದ ಒತ್ತಿದ ಎಲ್ಲ ಮನೆಗಳೂ ಒಟ್ಟಿಗೆ ಉಬ್ಬಬೇಕು. ಪ್ರತಿ ಸ್ವರಕ್ಕೂ ಬೇರೆ ಉಬ್ಬು ಬಂದರೆ ಅದು ಸ್ಟ್ರಿಂಗ್ ಪ್ಯಾಡ್ ಆಗಿಬಿಡುತ್ತದೆ. ಅಟ್ಯಾಕ್ (ದನಿ ಏಳಲು ಹಿಡಿಯುವ ಹೊತ್ತು) ಕೆಳಗಿನ ಸಪ್ತಕದಲ್ಲಿ 70, ಮೇಲೆ 20 ಮಿಲಿಸೆಕೆಂಡ್, ಏಕೆಂದರೆ ದಪ್ಪ ರೀಡು ನಿಧಾನವಾಗಿ ಏಳುತ್ತದೆ. ರಿಲೀಸ್ 40. ಪಿಚ್ ಬೆಂಡ್ ಸೊನ್ನೆ: ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇಲ್ಲ. ಗಾಳಿಯ ಸುಯ್ಯೆನ್ನುವ ಸದ್ದಿಗೆ ವೈಟಲ್‌ನ ಸ್ಯಾಂಪಲ್ ಭಾಗದಲ್ಲಿ ಬಿಳಿ ನಾಯ್ಸ್, ಕೀಟ್ರ್ಯಾಕ್ ಬಂದ್, ಮುಖ್ಯ ದನಿಗಿಂತ 35 ಡೆಸಿಬೆಲ್ ಕೆಳಗೆ. ಮರದ ಪೆಟ್ಟಿಗೆಯ ಅನುರಣನ ಹೊರಗಿನ ಇಕ್ಯೂನಲ್ಲಿ, ತಂಬೂರಿಯ ಬುರುಡೆಯಂತೆಯೇ.

ದುರ್ಗದಬೈಲ್_ಬೀಟ್ (ಹುಬ್ಬಳ್ಳಿ)

ಮೂವರಿಗೂ ಭಾಳ ಧನ್ಯವಾದ್ರಿ. ಪೇಟಿ ಕುಂತತ್ರಿ, ಕೆಬಿಎಂ ಹಾಕಿದ ಕೂಡ್ಲೇ ತಂಬೂರಿ ಜೋಡಿ ಬೆರೀತು. ಜಗ್ಗಲಗಿಯೊಳಗ ಮಾಡ್ ವ್ಹೀಲ್ ಕೆಲಸ ಮಾಡಾಕತ್ತೈತಿ, ಆದ್ರ ಮೂಲ ಸ್ಯಾಂಪಲ್ ಬಾಜೂಕ ಇಟ್ಟು ಕೇಳಿದ್ರ ನಂದು ಪ್ಲಾಸ್ಟಿಕ್ ಡಬ್ಬಿ ಅನ್ನಿಸ್ತೈತಿ. ಎರಡನೇದು, ಇದು ಕೊನಿಗೆ ಮೆರವಣಿಗಿ ಗಾಡಿ ಹಾರ್ನ್ ಸ್ಪೀಕರಿನ್ಯಾಗ ಬಾರಿಸೋದೈತಿ. ಅಲ್ಲಿ ತಳಾನ ಕೇಳವಲ್ದು. ಮೂರನೇದು, ಎಂಟು ಟ್ರ್ಯಾಕ್ ಸರ್ಜ್ ಹಾಕಿದ್ರ ಲ್ಯಾಪ್‌ಟಾಪ್ ಕಟ್ ಕಟ್ ಅಂತೈತಿ. ಸ್ಯಾಂಪಲ್ ಪ್ಯಾಕಿನಿಂದ ತಗೊಂಡ ಚೂರು ಒಳಗ ಉಳದ್ರ ಏನರ ತೊಂದ್ರಿ ಐತೇನ್ರಿ?

ಸಾಧನಕೇರಿ_ಸೌಂಡ್ (ಧಾರವಾಡ)

ಪ್ಲಾಸ್ಟಿಕ್ ಅನ್ನಿಸೋದಕ್ಕ ಕಾರಣ 300ರಿಂದ 900 ಹರ್ಟ್ಜ್ ನಡುವ ನಿಮ್ಮ ಪ್ಯಾಚಿನೊಳಗ ಖಾಲಿ ಅದ. ಅಸಲಿ ಚರ್ಮದಾಗ ಅಲ್ಲಿ ಕಂಪನ ಎಷ್ಟು ದಟ್ಟ ಇರ್ತಾವಂದ್ರ ಒಂದೊಂದು ಸೈನ್ ಇಟ್ಟು ತುಂಬಿಸೋಕಾಗೋದಿಲ್ಲ. ಚಟ್ ಪದರದ ಡಿಕೇ 50ರಿಂದ 120ಕ್ಕ ಏರಿಸ್ರಿ, ಅದಕ್ಕಷ್ಟ 0.2 ಸೆಕೆಂಡಿನ ಸಣ್ಣ ರೂಮ್ ರಿವರ್ಬ್ ಕೊಡ್ರಿ, ಆಮ್ಯಾಲ ಇಡೀ ಪ್ಯಾಚಿಗೆ ಹಗೂರಕ ಸ್ಯಾಚುರೇಷನ್. ಸ್ಯಾಚುರೇಷನ್ ಆರೂ ಸೈನ್‌ಗಳ ನಡುವ ಕೂಡು ಕಳೆ ಸ್ವರಾಂಶ ಹುಟ್ಟಿಸ್ತದ, ಖಾಲಿ ಜಾಗಾ ಅದರಿಂದ ತುಂಬ್ತದ.

ಅದೂ ಸಾಲದಿದ್ರ 1987ರ ರೋಲ್ಯಾಂಡ್ ಡಿ-50 ಮಾಡಿದ ಹಾದೀನ ಹಿಡೀರಿ. ಆಗ ಮೆಮೊರಿ ತುಟ್ಟಿ ಇತ್ತು, ಅದಕ್ಕ ಅಟ್ಯಾಕ್ ಅಷ್ಟನ್ನ ಸ್ಯಾಂಪಲ್ ಇಟ್ಟು ಮುಂದಿನ ಮೈ ಸಿಂತ್‌ನಿಂದ ಮಾಡಿದ್ರು. ವಾದ್ಯ ಯಾವುದಂತ ಕಿವಿ ಗುರ್ತು ಹಿಡಿಯೋದು ಬಹುತೇಕ ಆ ಮೊದಲ ಚೂರಿನಿಂದ. ನಿಮ್ಮ ಫೋನ್ ರೆಕಾರ್ಡಿಂಗಿನ ಮೊದಲ 30 ಮಿಲಿಸೆಕೆಂಡ್ ಕತ್ತರಿಸಿ, 10 ಮಿಲಿಸೆಕೆಂಡ್ ಫೇಡ್ ಔಟ್ ಕೊಟ್ಟು, 150 ಹರ್ಟ್ಜ್ ಹೈಪಾಸ್ (ಅದರ ಕೆಳಗಿಂದು ತೆಗೆಯೋ ಫಿಲ್ಟರ್) ಹಚ್ಚಿ ಟಕ್ ಪದರದ ಬದಲಿ ಇಡ್ರಿ. ಹೈಪಾಸ್ ಬಿಟ್ರ ಸ್ಯಾಂಪಲ್ಲಿನ ತಳ ಮತ್ತ ಸಿಂತಿನ ತಳ ಒಂದಕ್ಕೊಂದು ಉಲ್ಟಾ ಬಿದ್ದು ಪೆಟ್ಟು ಪೊಳ್ಳಾಗ್ತದ. ಇಷ್ಟು ಸಣ್ಣ ಚೂರಿನೊಳಗ ಮಂದಿ ಗದ್ಲ ಕೇಳೋದಿಲ್ಲ, ಪಿಚ್ ಬದಲಿಸೋ ಜರೂರೂ ಇಲ್ಲ.

ಬಾಜೂಕ ಇಟ್ಟು ಹೋಲಿಸೋವಾಗ ಎರಡರ ಲೌಡ್‌ನೆಸ್ ಒಂದ ಮಟ್ಟಕ್ಕ ತಂದು ಕೇಳ್ರಿ. 2 ಡೆಸಿಬೆಲ್ ಜೋರಿದ್ದದ್ದು ಯಾವಾಗ್ಲೂ ಚಲೋ ಅನ್ನಿಸ್ತದ.

ಹಾರ್ನ್ ಸ್ಪೀಕರು ಸುಮಾರು 300 ಹರ್ಟ್ಜ್ ಕೆಳಗ ಹೆಚ್ಚುಕಡಿಮಿ ಏನೂ ಕೊಡೋದಿಲ್ಲ. 70 ಹರ್ಟ್ಜ್ ಏರಿಸಿದ್ರ ಆಂಪ್ಲಿಫೈಯರ್ ಸುಮ್ಮನ ದಣೀತದ. ಅದಕ್ಕಂತ ಬ್ಯಾರೆ ಮಿಕ್ಸ್ ಮಾಡ್ರಿ: ಮೊದಲ ಸೈನ್ 6 ಡೆಸಿಬೆಲ್ ಕೆಳಗ, ಸ್ಯಾಚುರೇಷನ್ ಹೆಚ್ಚು, ಚಟ್ ಪದರ 3 ಡೆಸಿಬೆಲ್ ಮ್ಯಾಲ, ಇಡೀದಕ್ಕ 200 ಹರ್ಟ್ಜ್ ಹೈಪಾಸ್, ಮತ್ತ ಮೋನೋ ಮಾಡಿ ಕೇಳಿ ನೋಡ್ರಿ. ಎಂಟು ಟ್ರ್ಯಾಕಿನ ತಡ ಹತ್ತರ ಹತ್ತರ ಇದ್ರ ಮೋನೋದೊಳಗ ಒಂದನ್ನೊಂದು ತಿಂದು ಹಾಕ್ತಾವ; ಆಗ ತಡಗಳನ್ನ 7, 11, 18 ಮಿಲಿಸೆಕೆಂಡ್ ಹಂಗ ಸಮ ಅಲ್ಲದ ಅಂತರಕ್ಕ ಸರಿಸ್ರಿ.

ಲ್ಯಾಪ್‌ಟಾಪಿಗೆ: ಒಂದು ಟ್ರ್ಯಾಕ್ ತಿದ್ದೋದು ಮುಗೀತಂದ್ರ ರೀಪರಿನೊಳಗ ಫ್ರೀಜ್ ಮಾಡ್ರಿ, ಅಂದ್ರ ಸಿಂತಿನ ದನೀನ ಆಡಿಯೋ ಮಾಡಿ ಇಡ್ರಿ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಲೆಕ್ಕ ಮಾಡೋ ದನಿ ತುಣುಕು) 1024 ಇಡ್ರಿ, ಮಿಡಿ ಕೀಬೋರ್ಡ್ ಬಾರಿಸಿ ರೆಕಾರ್ಡ್ ಮಾಡೋವಾಗಷ್ಟ 128ಕ್ಕ ಇಳಿಸ್ರಿ.

ಹಾವೇರಿ_ಮಿಕ್ಸ್ (ಹಾವೇರಿ)

ಹಕ್ಕಿನ ಪ್ರಶ್ನೆಗೆ: ಸೈನ್, ನಾಯ್ಸ್, ತಂತಿ ಮಾಡೆಲ್‌ನಿಂದ ಕಟ್ಟಿದ್ದರಲ್ಲಿ ಯಾರ ಮುದ್ರಣದ ತುಣುಕೂ ಇರುವುದಿಲ್ಲ. ಪ್ಯಾಕಿನ 30 ಮಿಲಿಸೆಕೆಂಡ್ ಅಟ್ಯಾಕ್ ಇಟ್ಟರೆ, ಅಥವಾ ಪ್ಯಾಕಿನ ಸ್ವರದಿಂದ 2048 ಮಾದರಿ ಕತ್ತರಿಸಿ ವೇವ್‌ಟೇಬಲ್ ಮಾಡಿದರೆ, ಅದು ಆ ಪ್ಯಾಕಿನ ಒಪ್ಪಂದಕ್ಕೆ ಒಳಪಟ್ಟಿದ್ದು ಎಂದೇ ಹಿಡಿಯಿರಿ. ಹಾಡಿನಲ್ಲಿ ಬಳಸಲು ಬಿಟ್ಟರೂ, ಆ ಪ್ಯಾಚನ್ನು ಬೇರೆಯವರಿಗೆ ಹಂಚಲು ಎಷ್ಟೋ ಒಪ್ಪಂದಗಳು ಬಿಡುವುದಿಲ್ಲ. ಹಳೆಯ ಕ್ಯಾಸೆಟ್ಟಿನಿಂದ ತೆಗೆದದ್ದಾದರೆ, 1957ರ ಕಾಪಿರೈಟ್ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ನಿಮ್ಮ ಜಗ್ಗಲಗಿ ಫೋನಿನಲ್ಲಿ ನೀವೇ ರೆಕಾರ್ಡ್ ಮಾಡಿದ್ದಾದರೆ ಈ ತಾಪತ್ರಯವೇ ಇಲ್ಲ. ಪೇಟಿಗೂ ಹಾಗೇ, ಒಂದೇ ರೀಡಿನ ಎರಡು ಸೆಕೆಂಡಿನ ಸ್ವರವನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ.

ಒಂದು ವಿಷಯ ಬಿಟ್ಟುಹೋಗಿತ್ತು. ಪ್ರಾಜೆಕ್ಟ್ ಉಳಿಸುವಾಗ ಎಸ್‌ಸಿಎಲ್ ಮತ್ತು ಕೆಬಿಎಂ ಫೈಲ್‌ಗಳ ಪ್ರತಿಯನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಮೊದಲು ಎ ಶಾರ್ಪ್ ಮತ್ತು ಎಫ್ ಒಟ್ಟಿಗೆ ಒತ್ತಿ ಕೇಳಿ. ಅಲೆ ಇಲ್ಲದೆ ನಿಂತರೆ ಟ್ಯೂನಿಂಗ್ ಬಂದಿದೆ. ನಡುಗಿದರೆ ಎರಡೂ ಸಿಂತಿಗೆ ಆ ಫೈಲ್‌ಗಳನ್ನು ಮತ್ತೆ ಹಾಕಿ.